ಲಿಸ್ಪ್ ಎಂಬ ಗಣಕ ಭಾಷೆಯೂ ಅದನ್ನು ಕಲಿಯುವ ಸಾಧನಗಳೂ

ಗಣಕಯಂತ್ರವೆಂದೊಡನೆ ನಮ್ಮ ಕಡೆಯ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟುತ್ತದೆ. ಅದು ಇಂಗ್ಲಿಷ್ ಚೆನ್ನಾಗಿ ಬಲ್ಲವರ ಸೊತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ನೆರೆಮನೆಯಲ್ಲಿ ತೆಲುಗು ಆಡಿಕೊಂಡು ಬೆಳೆದ ನಮಗೆ ಎಟುಕುವಂಥದಲ್ಲ ಎಂಬ ಭಾವನೆ. ಸೇಲಂ, ಧರ್ಮಪುರಿ ಸೀಮೆಯಲ್ಲಿ ಈ ಅಳುಕಿಗೆ ಕಾರಣವಿಲ್ಲದೆ ಇಲ್ಲ. ಸೇಲಂ ಜಿಲ್ಲೆಯ ಭಾಗವಾಗಿದ್ದ ಧರ್ಮಪುರಿ 1965ರಲ್ಲಿ ಬೇರೆ ಜಿಲ್ಲೆಯಾಯಿತು. ಕನ್ನಡಿಗರು ಹೆಚ್ಚಾಗಿರುವ ಹೊಸೂರು, ಡೆಂಕಣಿಕೋಟೆಗಳ ಭಾಗವು 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಗೆರೆಗಳು ಹೀಗೆ ಸರಿದರೂ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಹತ್ತನೆಯ ತರಗತಿ ದಾಟಿದೊಡನೆ ಭಾಷೆಯ ಕಡಿದಾದ ಮೆಟ್ಟಿಲನ್ನು ಹತ್ತಬೇಕಾಗಿರುವುದು ಮಾತ್ರ ಸರಿದಿಲ್ಲ.

ಆದುದರಿಂದಲೇ ಈ ಲೇಖನದಲ್ಲಿ ನಾವು ಲಿಸ್ಪ್ ಎಂಬ ಭಾಷೆಯನ್ನೂ ಅದರ ಬಳಗದವರು ಕಲಿಯುವವರಿಗಾಗಿ ಮಾಡಿಟ್ಟಿರುವ ಸಾಧನಗಳನ್ನೂ ಪರಿಚಯಿಸಲು ಇಷ್ಟಪಡುತ್ತೇವೆ. ಗಣಕ ಭಾಷೆಗಳು ನೂರಾರು ಇವೆ. ಇದೊಂದನ್ನೇ ಆರಿಸಿಕೊಂಡುದಕ್ಕೆ ಕಾರಣವೇನೆಂದರೆ, ಇದರಲ್ಲಿ ಬದಲಾಯಿಸಲಾಗದ ಇಂಗ್ಲಿಷ್ ಪದಗಳು ಇಲ್ಲವೆನ್ನುವಷ್ಟು ಕಡಿಮೆ. ಬೇಕೆಂದರೆ ಎಲ್ಲ ಹೆಸರುಗಳನ್ನೂ ಕನ್ನಡದಲ್ಲಿಯೇ ಇಟ್ಟುಕೊಳ್ಳಬಹುದು.

ಮೊದಲು ಭಾಷೆಯ ರೂಪವನ್ನು ನೋಡೋಣ. ಎರಡನ್ನೂ ಮೂರನ್ನೂ ಕೂಡಲು ಲಿಸ್ಪಿನಲ್ಲಿ ಹೀಗೆ ಬರೆಯುತ್ತಾರೆ:

(+ 2 3)

ಆವರಣದೊಳಗೆ ಮೊದಲು ಮಾಡಬೇಕಾದ ಕೆಲಸ, ಅನಂತರ ಆ ಕೆಲಸಕ್ಕೆ ಬೇಕಾದ ಪದಾರ್ಥಗಳು. ಇಷ್ಟೇ ವ್ಯಾಕರಣ. 4 ಗುಣಿಸು 2 ಕೂಡು 3 ಎಂದು ಕೊಟ್ಟರೆ ಯಾವುದನ್ನು ಮೊದಲು ಮಾಡಬೇಕೆಂದು ಗಣಿತದ ತರಗತಿಯಲ್ಲಿ ನಾವು ನಿಯಮವನ್ನು ಬಾಯಿಪಾಠ ಮಾಡಿರುತ್ತೇವೆ. ಲಿಸ್ಪಿನಲ್ಲಿ ಆ ನಿಯಮದ ಅಗತ್ಯವೇ ಇಲ್ಲ. (* 4 (+ 2 3)) ಎಂದರೆ ಒಳಗಿನ ಆವರಣ ಮೊದಲು 5 ಆಗುತ್ತದೆ, ಆಮೇಲೆ ಹೊರಗಿನದು 20 ಆಗುತ್ತದೆ. ಆವರಣಗಳು ಹೆಚ್ಚೆಂದು ಈ ಭಾಷೆಯನ್ನು ಗೇಲಿ ಮಾಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಸಂದೇಹಕ್ಕೆ ಎಡೆಯೇ ಇಲ್ಲದಿರುವುದು ಕಲಿಯುವವನಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಅವರು ಮರೆಯುತ್ತಾರೆ.

ಆವರಣದೊಳಗೆ ಇರುವುದು ಒಂದು ಪಟ್ಟಿ. ಲಿಸ್ಪ್ ಎಂಬ ಹೆಸರೂ ಪಟ್ಟಿಗಳನ್ನು ಸಂಸ್ಕರಿಸುವ ಭಾಷೆ ಎಂಬ ಅರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪವೇ. (ರಾಗಿ ಹುಣಿಸೆ ಮಾವು) ಎಂಬುದೂ ಪಟ್ಟಿ, (+ 2 3) ಎಂಬುದೂ ಪಟ್ಟಿ. ಒಂದು ಸಂತೆಯ ಚೀಟಿ, ಇನ್ನೊಂದು ಗಣಕಕ್ಕೆ ಕೊಟ್ಟ ಆಜ್ಞೆ. ಎರಡಕ್ಕೂ ಒಂದೇ ರೂಪವಿರುವುದರಿಂದ, ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮನ್ನು ಪಟ್ಟಿಯಂತೆ ಕೈಗೆತ್ತಿಕೊಂಡು ಓದಬಲ್ಲುದು, ತಿದ್ದಬಲ್ಲುದು, ಹೊಸದಾಗಿ ಕಟ್ಟಬಲ್ಲುದು. ಈ ಭಾಷೆಯ ಶಕ್ತಿಯೆಲ್ಲ ಅಡಗಿರುವುದು ಇಲ್ಲಿಯೇ.

ಇದನ್ನು 1958ರಲ್ಲಿ ರೂಪಿಸಲು ತೊಡಗಿದವರು ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಜಾನ್ ಮೆಕಾರ್ಥಿ. 1960ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಲಿಸ್ಪಿನ ಯಾವ ಪಟ್ಟಿಯನ್ನು ಕೊಟ್ಟರೂ ಅದರ ಬೆಲೆಯನ್ನು ಕಂಡುಹಿಡಿಯುವ ಒಂದು ವಿಧಿಯನ್ನು ಅವರು ಲಿಸ್ಪಿನಲ್ಲಿಯೇ, ಕಾಗದದ ಮೇಲೆ, ಬರೆದಿದ್ದರು. ಅವರ ಸಂಗಡಿಗ ಸ್ಟೀವ್ ರಸೆಲ್ ಅದನ್ನು ಕಂಡು ಐ.ಬಿ.ಎಂ. 704 ಯಂತ್ರದ ಸಂಕೇತಕ್ಕೆ ಕೈಯಾರೆ ಇಳಿಸಿದರು. ಕಾಗದದ ಮೇಲಿನ ಗಣಿತ ಹೀಗೆ ನಡೆಯುವ ಭಾಷೆಯಾಯಿತು. ಆ ಕಾಲದ ಗಣಕಗಳಿಗೆ ಆಜ್ಞೆಗಳನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಉಣಿಸುತ್ತಿದ್ದರು. ಸೇಲಂ ಪೇಟೆಯ ಕನ್ನಡ ಮಾತಾಡುವ ದೇವಾಂಗ ಮನೆತನಗಳ ಮಕ್ಕಳಿಗೆ ಇದು ಹೊಸದಾಗಿ ಕಾಣಲಾರದು. ಸೀರೆಯ ಅಂಚಿನ ಹೂವನ್ನು ತೂತಿನ ರಟ್ಟುಗಳಿಂದ ನಿಯಂತ್ರಿಸುವ ಜಕಾರ್ಡ್ ಮಗ್ಗ ಫ್ರಾನ್ಸಿನಲ್ಲಿ 1804ರ ಸುಮಾರಿಗೇ ಬಂದಿತ್ತು.

ಆ 704 ಯಂತ್ರದ ನೆನಪು ಲಿಸ್ಪಿನಲ್ಲಿ ಇಂದಿಗೂ ಉಳಿದಿದೆ. ಪಟ್ಟಿಯ ಮೊದಲನೆಯದನ್ನು ಕೊಡುವ ಕೆಲಸಕ್ಕೆ ‘ಕಾರ್’, ಮಿಕ್ಕುದನ್ನು ಕೊಡುವ ಕೆಲಸಕ್ಕೆ ‘ಕುಡರ್’ ಎಂದು ಹೆಸರು. ಇವು ಇಂಗ್ಲಿಷ್ ಪದಗಳೇ ಅಲ್ಲ. ಆ ಯಂತ್ರದ ಒಂದು ಪದಕೋಶದ ಎರಡು ಭಾಗಗಳ ಹೆಸರಿನ ಮೊದಲಕ್ಷರಗಳು. ಅಂದರೆ ಇಂಗ್ಲೆಂಡಿನ ಮಗುವಿಗೂ ನಮ್ಮ ತಳಿಯ ಮಗುವಿಗೂ ಈ ಎರಡು ಪದಗಳು ಸಮನಾಗಿ ಅರ್ಥವಾಗುವುದಿಲ್ಲ! ನಾವು ಅವನ್ನು ‘ತಲೆ’, ‘ಉಳಿಕೆ’ ಎಂದು ಕರೆದುಕೊಂಡರೆ ಅವರಿಗಿಂತ ಒಂದು ಹೆಜ್ಜೆ ಮುಂದಿರುತ್ತೇವೆ.

ಹಾಗೆ ಕರೆಯುವುದು ಸಾಧ್ಯವೇ ಎಂದರೆ ಸಾಧ್ಯ. ಲಿಸ್ಪಿನ ಉಪಭಾಷೆಯಾದ ಸ್ಕೀಮ್‌ನಲ್ಲಿ ‘ಡಿಫೈನ್’ ಎಂಬ ಪದದಿಂದ ಯಾವ ವಸ್ತುವಿಗಾದರೂ ಹೊಸ ಹೆಸರಿಡಬಹುದು; ಆ ಹೆಸರು ಕನ್ನಡ ಲಿಪಿಯಲ್ಲಿಯೂ ಇರಬಹುದು. ಕೂಡುವ ಚಿಹ್ನೆಗೆ ‘ಕೂಡು’ ಎಂದೂ, ಗುಣಿಸುವ ಚಿಹ್ನೆಗೆ ‘ಗುಣಿಸು’ ಎಂದೂ ಇಟ್ಟರಾಯಿತು. ‘ಡಿಫೈನ್’ ಎಂಬ ಆ ಪದವೇ ಕಣ್ಣಿಗೆ ಚುಚ್ಚಿದರೆ, ‘ಮ್ಯಾಕ್ರೊ’ ಎಂಬ ಸೌಕರ್ಯದಿಂದ ಅದಕ್ಕೂ ‘ಹೆಸರಿಡು’ ಎಂಬ ಹೊಸ ರೂಪವನ್ನು ಕಟ್ಟಿಕೊಳ್ಳಬಹುದು. ಬೇರೆ ಅನೇಕ ಭಾಷೆಗಳಲ್ಲಿ ಮೂಲಪದಗಳು ಕಲ್ಲಿನ ಮೇಲೆ ಕೆತ್ತಿದಂತೆ ಇರುತ್ತವೆ. ಅವನ್ನು ಬಳಸುವವರು ಅಲುಗಿಸಲಾರರು. ಹೀಗೆ ಹೆಸರುಗಳನ್ನು ಸಿದ್ಧಪಡಿಸಿಕೊಂಡ ಮೇಲೆ, ಒಂದು ಪಟ್ಟಿಯಲ್ಲಿ ಎಷ್ಟು ವಸ್ತುಗಳಿವೆ ಎಂದು ಎಣಿಸುವ ಪ್ರೋಗ್ರಾಂ ಇದು:

(ಹೆಸರಿಡು (ಎಣಿಸು ಪಟ್ಟಿ)
  (ಒಂದುವೇಳೆ (ಬರಿದೋ ಪಟ್ಟಿ)
    0
    (ಕೂಡು 1 (ಎಣಿಸು (ಉಳಿಕೆ ಪಟ್ಟಿ)))))

ಪಟ್ಟಿ ಬರಿದಾಗಿದ್ದರೆ ಎಣಿಕೆ 0. ಇಲ್ಲವಾದರೆ, ತಲೆಗೆ ಒಂದು, ಅದರೊಡನೆ ಉಳಿಕೆಯ ಎಣಿಕೆ. ಎಣಿಸುವುದೆಂದರೇನು ಎಂಬುದನ್ನು ಹೇಳುವಾಗ ‘ಎಣಿಸು’ ಎಂಬ ಪದವನ್ನೇ ಬಳಸಿದ್ದೇವೆ. ಇದು ಮೋಸದಂತೆ ಕಂಡರೂ ಮೋಸವಲ್ಲ. ಪ್ರತಿ ಸಲವೂ ಪಟ್ಟಿ ಒಂದೊಂದಾಗಿ ಕುಗ್ಗುವುದರಿಂದ ಕೊನೆಗೆ ಬರಿದಾಗಿಯೇ ತೀರುತ್ತದೆ. (ರಾಗಿ ಹುಣಿಸೆ ಮಾವು) ಎಂಬುದನ್ನು ಕಾಗದದ ಮೇಲೆ ಸಾಲು ಸಾಲಾಗಿ ಬಿಡಿಸಿ ನೋಡಿದರೆ ಒಂದು, ಒಂದು, ಒಂದು, ಸೊನ್ನೆ ಎಂದು ಬಂದು ಕೂಡಿಕೊಂಡು 3 ಆಗುವುದು ಸ್ಪಷ್ಟವಾಗುತ್ತದೆ. ಹೀಗೆ ಬಿಡಿಸಲು ಯಂತ್ರವೇ ಬೇಕಾಗಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಗಣಕದ ಕೊಠಡಿಯ ಬೀಗದ ಕೈ ಸಿಗದ ದಿನವೂ ಪಾಠ ನಡೆಯಬಹುದು.

ಇನ್ನು ಸಾಧನಗಳ ವಿಚಾರ. ಎಲ್ಲಕ್ಕೂ ಮೊದಲನೆಯದು, ಓದು, ಲೆಕ್ಕಿಸು, ಬರೆ ಎಂಬ ಸುತ್ತು. ಹಲವು ಭಾಷೆಗಳಲ್ಲಿ ಪ್ರೋಗ್ರಾಮನ್ನು ಇಡಿಯಾಗಿ ಬರೆದು, ಯಂತ್ರದ ಸಂಕೇತಕ್ಕೆ ಪರಿವರ್ತಿಸಿ, ಆಮೇಲೆ ನಡೆಸಿ ನೋಡಬೇಕು. ಲಿಸ್ಪಿನಲ್ಲಿ ಒಂದು ಸಾಲನ್ನು ಬರೆದು ಒತ್ತಿದರೆ ಯಂತ್ರ ಅದನ್ನು ಓದಿ, ಲೆಕ್ಕಿಸಿ, ಉತ್ತರ ಬರೆದು, ಮುಂದಿನ ಸಾಲಿಗೆ ಕಾದು ಕುಳಿತಿರುತ್ತದೆ. ಸ್ಲೇಟು ಹಿಡಿದು ಉಪಾಧ್ಯಾಯರ ಮುಂದೆ ಕುಳಿತಂತೆಯೇ ಸರಿ. ಇಂದು ಪೈಥಾನ್ ಮುಂತಾದ ಭಾಷೆಗಳಲ್ಲಿಯೂ ಈ ಸೌಕರ್ಯವಿದೆ. ಆದರೆ ಇದನ್ನು ಬಹಳ ಹಿಂದೆಯೇ ರೂಢಿಗೆ ತಂದದ್ದು ಲಿಸ್ಪ್ ಬಳಗ.

ಎರಡನೆಯದು ಈಮ್ಯಾಕ್ಸ್ ಎಂಬ ಬರವಣಿಗೆಯ ಸಲಕರಣೆ. 1976ರಲ್ಲಿ ಎಂ.ಐ.ಟಿ.ಯಲ್ಲಿ ಹುಟ್ಟಿದ ಇದನ್ನು ರಿಚರ್ಡ್ ಸ್ಟಾಲ್‌ಮನ್ ಹೊಸದಾಗಿ ಬರೆದು 1985ರಲ್ಲಿ ಗ್ನೂ ಈಮ್ಯಾಕ್ಸ್ ಎಂದು ಹೊರತಂದರು. ಇದರ ಬಹುಭಾಗ ಲಿಸ್ಪಿನಲ್ಲಿಯೇ ಬರೆದುದು. ಯಾವ ಕೀಲಿಯನ್ನು ಒತ್ತಿದರೆ ಏನಾಗುತ್ತದೆ ಎಂದು ಅದನ್ನೇ ಕೇಳಬಹುದು. ಅದು ವಿವರಣೆಯನ್ನು ತೋರಿಸುತ್ತದೆ, ಆ ಕೆಲಸವನ್ನು ಮಾಡುವ ಲಿಸ್ಪ್ ಸಾಲುಗಳಿಗೂ ದಾರಿ ಕೊಡುತ್ತದೆ. ಅಲ್ಲಿ ಒಂದಕ್ಷರ ಬದಲಿಸಿ ಆ ಭಾಗವನ್ನು ಮತ್ತೆ ಲೆಕ್ಕಿಸಲು ಹೇಳಿದರೆ ಸಲಕರಣೆಯ ನಡತೆ ಒಡನೆಯೇ ಬದಲಾಗುತ್ತದೆ. ಗಡಿಯಾರವನ್ನು ನಿಲ್ಲಿಸದೆಯೇ ಬಿಚ್ಚಿ ರಿಪೇರಿ ಮಾಡಿದ ಹಾಗೆ! ರಾಬರ್ಟ್ ಚಾಸೆಲ್ ಎಂಬುವರು ಪ್ರೋಗ್ರಾಂ ಗೊತ್ತಿಲ್ಲದವರಿಗಾಗಿ ಬರೆದ ಲಿಸ್ಪ್ ಪಾಠಪುಸ್ತಕವೊಂದು ಈಮ್ಯಾಕ್ಸಿನ ಕೈಪಿಡಿಗಳ ಜೊತೆಯಲ್ಲಿಯೇ ಬರುತ್ತದೆ.

ಕನ್ನಡದ ಮಟ್ಟಿಗೆ ಈಮ್ಯಾಕ್ಸಿನಲ್ಲಿ ಒಂದು ಸಂತೋಷದ ಸಂಗತಿಯಿದೆ. ಲೋಕದ ಹಲವು ಭಾಷೆಗಳಲ್ಲಿ ವಂದನೆ ಹೇಳುವ ಒಂದು ಪುಟ ಅದರೊಳಗಿದ್ದು, ಕಂಟ್ರೋಲ್ ಕೀಲಿಯೊಡನೆ ‘ಎಚ್’, ಬಳಿಕ ಮತ್ತೆ ‘ಎಚ್’ ಒತ್ತಿದರೆ ತೆರೆಯುತ್ತದೆ. ಅದರಲ್ಲಿ ‘ಕನ್ನಡ – ನಮಸ್ಕಾರ’ ಎಂಬ ಸಾಲೂ ಉಂಟು. ಕನ್ನಡ ಬರೆಯಲು ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಕ್ರಮವೂ, ಇಂಗ್ಲಿಷ್ ಅಕ್ಷರಗಳ ಮೂಲಕ ಬರೆಯುವ ಐಟ್ರಾನ್ಸ್ ಕ್ರಮವೂ ಅದರಲ್ಲಿ ಅಡಕವಾಗಿವೆ. ಆದರೆ ಹೊಸಬರನ್ನು ಕೈಹಿಡಿದು ನಡೆಸುವ ಮೊದಲ ಪಾಠ ಜಪಾನಿ, ರಷ್ಯನ್, ಥಾಯ್ ಮುಂತಾದ ಭಾಷೆಗಳಲ್ಲಿದ್ದರೂ ಕನ್ನಡದಲ್ಲಿ ಇನ್ನೂ ಆಗಿಲ್ಲ. ಒಂದು ತರಗತಿಯ ಮಕ್ಕಳು ಉಪಾಧ್ಯಾಯರ ನೆರವಿನಿಂದ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ಪ್ರೌಢಶಾಲೆಯ ಮಕ್ಕಳಿಗೆ ಈಮ್ಯಾಕ್ಸಿಗಿಂತ ಡಾಕ್ಟರ್ ರಾಕೆಟ್ ಎಂಬುದು ಹೆಚ್ಚು ಸೌಮ್ಯವೆಂದು ನಮ್ಮ ಅಭಿಪ್ರಾಯ. ಸ್ಕೀಮಿನಿಂದ ಬೆಳೆದು 2010ರಲ್ಲಿ ರಾಕೆಟ್ ಎಂಬ ಹೆಸರು ಪಡೆದ ಭಾಷೆಗೆ ಇದು ಕಲಿಕೆಯ ಮನೆ. ಇದರಲ್ಲಿ ಹೊಸಬರಿಗೆಂದೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಚಿಕ್ಕ ಭಾಷೆಗಳಿವೆ. ಮೊದಲ ಮೆಟ್ಟಿಲಲ್ಲಿ ತಪ್ಪು ಮಾಡಿದರೆ ಆ ಮೆಟ್ಟಿಲಿನವನಿಗೆ ತಿಳಿಯುವಂತೆಯೇ ತಪ್ಪನ್ನು ಹೇಳುತ್ತದೆ. ಕರ್ಸರನ್ನು ಆವರಣದ ಪಕ್ಕಕ್ಕೆ ಒಯ್ದರೆ ಅದರ ಜೋಡಿಯವರೆಗಿನ ಭಾಗ ಬಣ್ಣಗಟ್ಟುತ್ತದೆ, ಆದುದರಿಂದ ಬೆರಳಿಟ್ಟು ಎಣಿಸುವ ಕಷ್ಟವಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ‘ಸ್ಟೆಪ್ಪರ್’. ಮೇಲೆ ನಾವು ಕಾಗದದ ಮೇಲೆ ಬಿಡಿಸಬಹುದೆಂದು ಹೇಳಿದ ಲೆಕ್ಕವನ್ನು ಅದು ಒಂದೊಂದೇ ಹೆಜ್ಜೆಯಾಗಿ, ಯಾವ ಭಾಗ ಯಾವುದಾಗಿ ಬದಲಾಯಿತೆಂದು ಬಣ್ಣದಲ್ಲಿ ತೋರಿಸುತ್ತದೆ. ಒಂದು ಸೂಚನೆ: ಮೊದಲ ಮೆಟ್ಟಿಲಿನ ಚಿಕ್ಕ ಭಾಷೆಯಲ್ಲಿ ಕೂಡುವ ಚಿಹ್ನೆಗೆ ನೇರವಾಗಿ ಹೊಸ ಹೆಸರಿಡಲು ಬಿಡುವುದಿಲ್ಲ. ಅದಕ್ಕಾಗಿ ರಾಕೆಟ್ಟಿನ ಪೂರ್ಣ ಭಾಷೆಯನ್ನು ಆರಿಸಿಕೊಳ್ಳಬೇಕು. ಈ ಸಲಕರಣೆಗೆ ಹೊಂದುವ ಪಠ್ಯವನ್ನು ಫೆಲೈಸನ್, ಫಿಂಡ್ಲರ್, ಫ್ಲಾಟ್, ಕೃಷ್ಣಮೂರ್ತಿ ಎಂಬ ನಾಲ್ವರು 2001ರಲ್ಲಿ ಪ್ರಕಟಿಸಿದರು. ಸಲಕರಣೆಗೂ ಹಣವಿಲ್ಲ, ಅಂತರ್ಜಾಲದಲ್ಲಿ ಪುಸ್ತಕವನ್ನು ಓದುವುದಕ್ಕೂ ಹಣವಿಲ್ಲ.

ಪುಸ್ತಕಗಳ ವಿಷಯಕ್ಕೆ ಬಂದರೆ, ಲಿಸ್ಪ್ ಬಳಗದಲ್ಲಿ ಕಿರೀಟಪ್ರಾಯವೆನಿಸಿದ್ದು ಹೆರಾಲ್ಡ್ ಏಬಲ್‌ಸನ್ ಮತ್ತು ಜೆರಾಲ್ಡ್ ಸಸ್‌ಮನ್ ಅವರು ಜೂಲಿ ಸಸ್‌ಮನ್ ನೆರವಿನಿಂದ 1985ರಲ್ಲಿ ಬರೆದ, ಗಣಕದ ಪ್ರೋಗ್ರಾಮುಗಳ ರಚನೆ ಮತ್ತು ಅರ್ಥವಿವರಣೆಯನ್ನು ಕುರಿತ ಗ್ರಂಥ. 1996ರಲ್ಲಿ ಎರಡನೆಯ ಆವೃತ್ತಿ ಬಂತು. ಪೂರ್ಣ ಪಠ್ಯ ಅಂತರ್ಜಾಲದಲ್ಲಿ ಉಚಿತ. 1986ರಲ್ಲಿ ಆ ಇಬ್ಬರು ಗುರುಗಳೂ ಮಾಡಿದ ಪಾಠಗಳ ಚಲನಚಿತ್ರಗಳೂ ಉಚಿತವಾಗಿ ನೋಡಲು ದೊರೆಯುತ್ತವೆ. ಇದು ಸುಲಭದ ಗ್ರಂಥವೆಂದು ನಾವು ಹೇಳಲಾರೆವು. ಆದರೆ ಅದರ ಆರಂಭದ ಪುಟಗಳಿಗೆ ಬೇಕಾದ ಗಣಿತ ನಮ್ಮ ಹತ್ತನೆಯ ತರಗತಿಯದಕ್ಕಿಂತ ಹೆಚ್ಚಿನದಲ್ಲ.

ದೂರದ ಈ ಗ್ರಂಥವು ನಮ್ಮ ಊರುಗಳಿಗೆ ಆಗಲೇ ಬಂದು ಮುಟ್ಟಿದೆ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ತಮಿಳುನಾಡು ಸರ್ಕಾರವು 2019ರಲ್ಲಿ ಹೊರತಂದ ಹನ್ನೆರಡನೆಯ ತರಗತಿಯ ಕಂಪ್ಯೂಟರ್ ವಿಜ್ಞಾನ ಪುಸ್ತಕವನ್ನು ತೆರೆದು ದತ್ತಾಂಶದ ಅಮೂರ್ತೀಕರಣವನ್ನು ಕುರಿತ ಎರಡನೆಯ ಪಾಠವನ್ನು ನೋಡಿ. ಕಟ್ಟುವ ವಿಧಿ, ಆಯುವ ವಿಧಿ ಎಂಬ ವಿಂಗಡಣೆ, ಎರಡು ಬೆಲೆಗಳನ್ನು ಒಂದಾಗಿ ಕಟ್ಟುವ ಜೋಡಿ, ಭಿನ್ನರಾಶಿಯ ಉದಾಹರಣೆ, ಎಲ್ಲವೂ ಏಬಲ್‌ಸನ್ ಮತ್ತು ಸಸ್‌ಮನ್ ಅವರ ಎರಡನೆಯ ಅಧ್ಯಾಯದ ದಾರಿಯಲ್ಲಿಯೇ ಸಾಗುತ್ತವೆ. ಅಲ್ಲಿನ ಬರಹ ಪೈಥಾನಿನ ರೂಪದಲ್ಲಿದೆ, ಅಷ್ಟೇ. ಆ ಗುರುಗಳು ‘ಹಾರೈಕೆಯ ಯೋಚನೆ’ ಎಂಬ ಅರ್ಥದ ಮಾತಿನಿಂದ ಕರೆದ ಉಪಾಯವೂ ಅದೇ ಹೆಸರಿನಿಂದ ನಮ್ಮ ಪಠ್ಯದಲ್ಲಿ ಬಂದಿದೆ. ಸೇಲಂನಲ್ಲಿ ಹನ್ನೆರಡನೆಯ ತರಗತಿ ಓದುವ ಹುಡುಗಿ ತನಗರಿಯದೆಯೇ ಲಿಸ್ಪಿನ ಒಂದು ಪಾಠವನ್ನು ಓದುತ್ತಿದ್ದಾಳೆ ಎಂದಾಯಿತು.

ಈ ಉಪಾಯವನ್ನು ಮುಂಚೆಯೇ ತಿಳಿದಿದ್ದರೆ, ಹತ್ತನೆಯದಾದ ಮೇಲೆ ಆ ಪಾಠ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಎದುರಾದಾಗ ಕನ್ನಡ ಮಾಧ್ಯಮದವರು ಬೆದರಬೇಕಾಗಿಲ್ಲ. ಆದುದರಿಂದ ಅದನ್ನು ಇಲ್ಲಿಯೇ ವಿವರಿಸುತ್ತೇವೆ. ಎರಡು ಭಿನ್ನರಾಶಿಗಳನ್ನು ಗುಣಿಸಬೇಕಾಗಿದೆ. ಭಿನ್ನರಾಶಿಯನ್ನು ಯಂತ್ರದೊಳಗೆ ಹೇಗೆ ಇಡಬೇಕೆಂದು ನಮಗಿನ್ನೂ ತಿಳಿಯದು. ಚಿಂತೆಯಿಲ್ಲ. ಅಂಶವನ್ನೂ ಛೇದವನ್ನೂ ಕೊಟ್ಟರೆ ಭಿನ್ನರಾಶಿಯನ್ನು ಕಟ್ಟಿಕೊಡುವ ‘ಭಿನ್ನ’ ಎಂಬ ವಿಧಿ, ಅದರಿಂದ ಅಂಶವನ್ನು ಆಯುವ ‘ಅಂಶ’, ಛೇದವನ್ನು ಆಯುವ ‘ಛೇದ’, ಈ ಮೂರೂ ಆಗಲೇ ಇವೆಯೆಂದು ಹಾರೈಸಿಕೊಂಡು ಗುಣಾಕಾರವನ್ನು ಬರೆದೇಬಿಡುತ್ತೇವೆ:

(ಹೆಸರಿಡು (ಭಿನ್ನ-ಗುಣಿಸು ಅ ಆ)
  (ಭಿನ್ನ (ಗುಣಿಸು (ಅಂಶ ಅ) (ಅಂಶ ಆ))
        (ಗುಣಿಸು (ಛೇದ ಅ) (ಛೇದ ಆ))))

ಆಮೇಲೆ ನಿಧಾನವಾಗಿ ಆ ಮೂರನ್ನೂ ಮಾಡಿದರಾಯಿತು. ಎರಡು ಸಂಖ್ಯೆಗಳ ಜೋಡಿ ಕಟ್ಟಿದರೆ ‘ಭಿನ್ನ’, ಜೋಡಿಯ ಮೊದಲನೆಯದು ‘ಅಂಶ’, ಎರಡನೆಯದು ‘ಛೇದ’. ನಾಳೆ ಭಿನ್ನರಾಶಿಯನ್ನು ಇಡುವ ಬಗೆ ಬದಲಾದರೂ ಮೇಲಿನ ಗುಣಾಕಾರದ ಸಾಲುಗಳನ್ನು ಮುಟ್ಟಬೇಕಾಗಿಲ್ಲ. ದೊಡ್ಡ ದೊಡ್ಡ ಪ್ರೋಗ್ರಾಮುಗಳನ್ನು ಹಲವರು ಹಂಚಿಕೊಂಡು ಬರೆಯಲು ಸಾಧ್ಯವಾಗಿರುವುದು ಈ ಉಪಾಯದಿಂದ.

ಯಂತ್ರವಿಲ್ಲದೆಯೂ ನಡೆಯುವ ಪುಸ್ತಕವೊಂದಿದೆ. 1974ರಲ್ಲಿ ಡೇನಿಯಲ್ ಫ್ರೀಡ್‌ಮನ್ ಬರೆದ ‘ದಿ ಲಿಟ್ಲ್ ಲಿಸ್ಪರ್’, ಇಂದು ‘ದಿ ಲಿಟ್ಲ್ ಸ್ಕೀಮರ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಮೊದಲಿನಿಂದ ಕೊನೆಯವರೆಗೆ ಇಷ್ಟೇ. ಉದಾಹರಣೆಗಳಲ್ಲಿ ಹಲವು ತಿಂಡಿ ತಿನಿಸುಗಳವು. ಅಲ್ಲಿನ ಪಾಶ್ಚಾತ್ಯ ತಿನಿಸುಗಳ ಜಾಗದಲ್ಲಿ ಮುದ್ದೆ, ಬಸ್ಸಾರು, ಹುರುಳಿಕಾಳು ಇಟ್ಟರೆ ಪಾಠಕ್ಕೆ ಒಂದಿಷ್ಟೂ ಲೋಪವಾಗದು. ಬಲಗಡೆಯನ್ನು ಕಾಗದದಿಂದ ಮುಚ್ಚಿಕೊಂಡು ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಕೇಳಿಕೊಂಡು ಓದಬಹುದು.

ಕಿರಿಯ ತರಗತಿಗಳವರಿಗೆ ಇನ್ನೂ ಹತ್ತಿರದ ದಾರಿಯಿದೆ. 1967ರಲ್ಲಿ ಸೀಮೋರ್ ಪೇಪರ್ಟ್, ವಾಲಿ ಫೊಯರ್‌ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲಿಸ್ಪಿನಿಂದಲೇ ಲೋಗೊ ಎಂಬ ಭಾಷೆಯನ್ನು ಮಾಡಿದರು. ಅದರ ಆಮೆಯನ್ನು ನಡೆಸಿ ಚಿತ್ರ ಬಿಡಿಸಿದವರು ನಮ್ಮ ದೇಶದಲ್ಲಿಯೂ ಬಹಳ ಮಂದಿ. ಪೇಪರ್ಟರ ಪ್ರಭಾವದಲ್ಲಿ ಬೆಳೆದ ಸ್ಕ್ರ್ಯಾಚ್ 2007ರಲ್ಲಿ ಬಂತು. ತಮಿಳುನಾಡಿನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅದರ ಪರಿಚಯವನ್ನೂ ಸೇರಿಸಿದ್ದಾರೆ. ಸ್ಕ್ರ್ಯಾಚಿನ ಬಣ್ಣದ ತುಣುಕುಗಳಿಗೆ ಸ್ಕೀಮಿನ ಶಕ್ತಿಯನ್ನು ತುಂಬಿದ ‘ಸ್ನ್ಯಾಪ್’ ಎಂಬುದನ್ನು ಯೆನ್ಸ್ ಮ್ಯೋನಿಗ್ ಮತ್ತು ಬ್ರಯನ್ ಹಾರ್ವಿ ಸಿದ್ಧಪಡಿಸಿದರು. ಸ್ನ್ಯಾಪಿನಲ್ಲಿ ಆವರಣಗಳು ಕಾಣುವುದಿಲ್ಲ. ಒಂದು ತುಣುಕಿನ ಹೊಟ್ಟೆಯೊಳಗೆ ಇನ್ನೊಂದು ತುಣುಕು ಕೂಡುತ್ತದೆ; ಒಳಗಿರುವುದು ಮಾತ್ರ ಲಿಸ್ಪೇ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ತಮಿಳೂ ಇವೆ. ಕನ್ನಡವನ್ನು ಆರಿಸಿದರೆ ತುಣುಕುಗಳ ಮೇಲಿನ ಮಾತುಗಳು ಕನ್ನಡಕ್ಕೆ ತಿರುಗುತ್ತವೆ, ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ. ಅಂತರ್ಜಾಲದಿಂದ ಒಮ್ಮೆ ಇಳಿಸಿಕೊಂಡರೆ ಆಮೇಲೆ ಸಂಪರ್ಕವಿಲ್ಲದೆಯೂ ನಡೆಯುತ್ತದೆಂಬುದು ನಮ್ಮ ಹಳ್ಳಿಗಳ ಶಾಲೆಗಳಿಗೆ ಸಣ್ಣ ಮಾತಲ್ಲ.

ಇವುಗಳಿಗೆ ದುಬಾರಿ ಯಂತ್ರ ಬೇಕಾಗಿಲ್ಲ. ಹಳೆಯ ಸಾಧಾರಣ ಲ್ಯಾಪ್‌ಟಾಪ್ ಯಾವುದಾದರೂ ಈಮ್ಯಾಕ್ಸಿಗೂ ಸ್ಕೀಮಿಗೂ ಸಾಕು. ತಮಿಳುನಾಡು ಸರ್ಕಾರವು 2011ರಿಂದ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಿಗೆ ಹಂಚತೊಡಗಿದ ಉಚಿತ ಲ್ಯಾಪ್‌ಟಾಪುಗಳು ಕೆಲವು ಮನೆಗಳ ಅಟ್ಟದ ಮೇಲೆ ಇನ್ನೂ ಇರಬಹುದು. ಅಣ್ಣನದೋ ಅಕ್ಕನದೋ ಇದ್ದರೆ ಕೆಳಗಿಳಿಸಿ ನೋಡಬಹುದು.

ತೊಡಕುಗಳನ್ನೂ ಹೇಳದಿರಬಾರದು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ನಮ್ಮ ಹೊಸೂರಿನ ಕನ್ನಡ ಬೇರೆ ಬೇರೆಯಾಗಿರುವಂತೆ ಲಿಸ್ಪಿಗೂ ಕಾಮನ್ ಲಿಸ್ಪ್, ಸ್ಕೀಮ್, ಈಮ್ಯಾಕ್ಸ್ ಲಿಸ್ಪ್, 2007ರಲ್ಲಿ ಬಂದ ಕ್ಲೋಜರ್ ಎಂದು ಕವಲುಗಳಿವೆ. ಯಾವುದು ಮೇಲು ಎಂಬ ವಾದ ಆ ಬಳಗದಲ್ಲಿ ಮುಗಿಯುವುದೇ ಇಲ್ಲ. ಹೊಸಬರು ಆ ವಾದಕ್ಕೆ ಕಿವಿಗೊಡದೆ ಸ್ನ್ಯಾಪ್ ಅಥವಾ ರಾಕೆಟ್ ಹಿಡಿಯುವುದು ಲೇಸು. ಇನ್ನೊಂದು, ಕನ್ನಡ ಹೆಸರುಗಳಿಂದ ಬರೆದ ಪ್ರೋಗ್ರಾಂ ಬೇರೆ ನಾಡಿನವರಿಗೆ ಓದಲು ಬಾರದು. ಅವರ ನೆರವು ಬೇಕಾದಾಗ ಮೂಲಹೆಸರುಗಳು ತಿಳಿದಿರಲೇಬೇಕು. ಹಾಗೆಯೇ ‘ಕೊ’ ಎಂಬಂಥ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯುವುದುಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಹೆಸರುಗಳು. ಒಂದು ಪ್ರೋಗ್ರಾಮನ್ನು ಒಂದೇ ಕೀಲಿಮಣೆಯ ಕ್ರಮದಲ್ಲಿ ಬರೆದರೆ ಈ ತೊಂದರೆ ತಪ್ಪುತ್ತದೆ.

ಓದಿದವರ ಅಭ್ಯಾಸಕ್ಕಾಗಿ ಒಂದು ಲೆಕ್ಕ ಕೊಟ್ಟಿದ್ದೇವೆ. (ರಾಗಿ (ಹುಣಿಸೆ ಮಾವು) ಮರಗೆಣಸು) ಎಂಬ ಪಟ್ಟಿಯನ್ನು ಮೇಲಿನ ‘ಎಣಿಸು’ ವಿಧಿಗೆ ಕೊಟ್ಟರೆ ಉತ್ತರ 3 ಬರುತ್ತದೆ, 4 ಅಲ್ಲ. ಏಕೆಂದು ಮೊದಲು ಕಾಗದದ ಮೇಲೆ ಬಿಡಿಸಿ ನೋಡಿ. ಅನಂತರ, ಪಟ್ಟಿಯೊಳಗಿನ ಪಟ್ಟಿಯ ಹೊಟ್ಟೆಯಲ್ಲಿರುವುದನ್ನೂ ಎಣಿಸಿ 4 ಎಂದು ಹೇಳುವಂತೆ ಆ ವಿಧಿಯನ್ನು ತಿದ್ದಿರಿ. ತಲೆಯಲ್ಲಿರುವುದು ತಾನೇ ಒಂದು ಪಟ್ಟಿಯೋ ಅಲ್ಲವೋ ಎಂದು ಕೇಳುವ ‘ಪಟ್ಟಿಯೋ’ ಎಂಬ ವಿಧಿ ಆಗಲೇ ಇದೆಯೆಂದು ಹಾರೈಸಿಕೊಳ್ಳಬಹುದು.